ಮಾರಾಟದ ದಾಖಲೆಯಿಂದ ದಿನದ ಪಟ್ಟಿಗೆ: ಝ್ಯಾಪಿಯರ್ ಮೂಲಕ ಪೈಪ್‌ಡ್ರೈವ್–ಟುಡುಯಿಸ್ಟ್ ಜೋಡಣೆ

ಪ್ರಸ್ತಾವ ಕಳುಹಿಸಿದ ಮೂರನೆಯ ದಿನ ಗ್ರಾಹಕರಿಗೆ ಕರೆ ಮಾಡಬೇಕು ಎಂಬುದು ಮಾರಾಟದಲ್ಲಿ ಕೆಲಸ ಮಾಡುವ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಆದರೂ ಅಂಥ ಕರೆಗಳು ತಪ್ಪಿಹೋಗುತ್ತಲೇ ಇರುತ್ತವೆ. ಡೀಲ್‌ನ, ಅಂದರೆ ನಡೆಯುತ್ತಿರುವ ಒಂದೊಂದು ವ್ಯವಹಾರದ, ವಿವರಗಳೆಲ್ಲ ಮಾರಾಟದ ತಂತ್ರಾಂಶದಲ್ಲಿ ಅಚ್ಚುಕಟ್ಟಾಗಿರುತ್ತವೆ. ನಾವು ಬೆಳಿಗ್ಗೆ ಮೊದಲು ತೆರೆದು ನೋಡುವುದು ಮಾತ್ರ ಫೋನಿನಲ್ಲಿರುವ ಕೆಲಸದ ಪಟ್ಟಿಯನ್ನು. ಒಂದರಿಂದ ಇನ್ನೊಂದಕ್ಕೆ ಕೈಯಾರೆ ನಕಲು ಮಾಡುವ ಹೊಣೆ ಯಾರಾದರೂ ಒಬ್ಬರ ತಲೆಯ ಮೇಲಿರುತ್ತದೆ, ಕೆಲಸ ಮೈಮೇಲೆ ಬಿದ್ದ ದಿನವೇ ಆ ನಕಲು ನಿಂತುಹೋಗುತ್ತದೆ. ಕೆಲಸದ ಪಟ್ಟಿಯ ತಂತ್ರಾಂಶ ಟುಡುಯಿಸ್ಟ್ 2007ರಲ್ಲಿ ಬಂದದ್ದು, ಮಾರಾಟದ ತಂತ್ರಾಂಶ ಪೈಪ್‌ಡ್ರೈವ್ 2010ರಲ್ಲಿ ಎಸ್ಟೋನಿಯಾದಲ್ಲಿ ಆರಂಭವಾದದ್ದು; ಎರಡೂ ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ಬೆಳೆದವು. 2011ರಲ್ಲಿ ಶುರುವಾದ ಝ್ಯಾಪಿಯರ್‌ನ ಕಸುಬೇ ಇಂಥ ಅಪರಿಚಿತ ತಂತ್ರಾಂಶಗಳ ನಡುವೆ ಮಾತು ತಲುಪಿಸುವುದು. ನಮ್ಮ ಚಿಕ್ಕ ತಂಡದಲ್ಲಿ ಈ ಮೂರನ್ನೂ ಸೇರಿಸಿ ಎಂಟು ತಿಂಗಳಿಂದ ಬಳಸುತ್ತಿದ್ದೇವೆ.

ಇಡೀ ದಿನ ಪೈಪ್‌ಡ್ರೈವ್ ತೆರೆದಿಟ್ಟುಕೊಂಡೇ ಕುಳಿತಿರುವವರಿಗೆ ಈ ಜೋಡಣೆ ಬೇಡವೆಂದು ಮೊದಲೇ ಹೇಳಿಬಿಡುತ್ತೇನೆ. ಅದರೊಳಗೇ ಕರೆ, ಭೇಟಿ, ಗಡುವುಗಳನ್ನು ಬರೆದಿಡುವ ‘ಆಕ್ಟಿವಿಟಿ’ ವಿಭಾಗವಿದೆ, ಅದು ಚೆನ್ನಾಗಿಯೇ ಇದೆ. ಮಾರಾಟದ ಜೊತೆಗೆ ಸರಬರಾಜು, ಲೆಕ್ಕಪತ್ರ, ಮನೆಯ ಕೆಲಸಗಳೂ ಒಂದೇ ಪಟ್ಟಿಯಲ್ಲಿರುವ ನನ್ನಂಥವರಿಗೆ ಮಾತ್ರ ಇದರಿಂದ ನಿಜವಾದ ಪ್ರಯೋಜನವಾಗುತ್ತದೆ.

ಕೆಲಸ ನಡೆಯುವ ಬಗೆ ಸರಳವಾಗಿದೆ. ಒಂದು ಕಡೆ ಏನೋ ಆಗುತ್ತದೆ, ಅದು ಟ್ರಿಗರ್. ಅದರಿಂದ ಇನ್ನೊಂದು ಕಡೆ ಏನೋ ಮಾಡಿಸಲಾಗುತ್ತದೆ, ಅದು ಆಕ್ಷನ್. ಎರಡನ್ನೂ ಸೇರಿಸಿದ ಸರಪಳಿಗೆ ಝ್ಯಾಪ್ ಎಂದು ಹೆಸರು. ಹೊಸಬರನ್ನು ಗೊಂದಲಕ್ಕೆ ಕೆಡಹುವುದು ‘ಟಾಸ್ಕ್’ ಎಂಬ ಪದ. ಟುಡುಯಿಸ್ಟ್‌ನಲ್ಲಿ ಅದು ನಾವು ಮಾಡಬೇಕಾದ ಕೆಲಸ. ಝ್ಯಾಪಿಯರ್‌ನಲ್ಲಿ ಅದು ಯಶಸ್ವಿಯಾಗಿ ನಡೆದ ಒಂದೊಂದು ಆಕ್ಷನ್, ಶುಲ್ಕದ ಲೆಕ್ಕವೂ ಅದರ ಮೇಲೆಯೇ. ಮೊದಲನೆಯದನ್ನು ಕೆಲಸವೆಂದೂ ಎರಡನೆಯದನ್ನು ಟಾಸ್ಕ್ ಎಂದೂ ಇಲ್ಲಿ ಬರೆಯುತ್ತೇನೆ.

ಎರಡೂ ಖಾತೆಗಳಿಗೆ ಅನುಮತಿ ಕೊಟ್ಟು ಮೊದಲ ಝ್ಯಾಪ್ ಕಟ್ಟಲು ನನಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಒಂದು ಸಾಲು ಕೋಡ್ ಬರೆಯುವ ಅಗತ್ಯವಿಲ್ಲ. ಪೈಪ್‌ಡ್ರೈವ್‌ನ ಯಾವ ಮಾಹಿತಿ ಟುಡುಯಿಸ್ಟ್‌ನ ಯಾವ ಜಾಗಕ್ಕೆ ಹೋಗಬೇಕು ಎಂಬುದನ್ನು ಪಟ್ಟಿಯಿಂದ ಆರಿಸಿದರೆ ಸಾಕು. ಆದರೆ ಆರಿಸುವಾಗ ಯೋಚಿಸಬೇಕು. ನಾನು ಮೊದಲು ಕೆಲಸದ ಶೀರ್ಷಿಕೆಯ ಜಾಗದಲ್ಲಿ ಡೀಲ್‌ನ ಹೆಸರನ್ನಷ್ಟೇ ಇಟ್ಟಿದ್ದೆ. ಬೆಳಿಗ್ಗೆ ಪಟ್ಟಿ ತೆರೆದರೆ ‘ವಾರ್ಷಿಕ ನಿರ್ವಹಣೆ ಡೀಲ್’ ಎಂಬಂಥ ಸಾಲುಗಳು ಕಾಣುತ್ತಿದ್ದವು. ಏನು ಮಾಡಬೇಕು, ಯಾರನ್ನು ಕೇಳಬೇಕು ಎಂಬುದು ಅದರಲ್ಲಿಲ್ಲ. ಹಾಗಾಗಿ ಕಣ್ಣು ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ಈಗ ಶೀರ್ಷಿಕೆ ‘ಪ್ರಸ್ತಾವ ಓದಿದರೇ ಎಂದು ಕರೆ ಮಾಡಿ ಕೇಳುವುದು’ ಎಂದು ಶುರುವಾಗಿ, ನಂತರ ಸಂಸ್ಥೆಯ ಹೆಸರು ಬರುತ್ತದೆ. ಕೆಳಗಿನ ವಿವರಣೆಯಲ್ಲಿ ಫೋನ್ ಸಂಖ್ಯೆಯೂ ಡೀಲ್‌ನ ಪುಟಕ್ಕೆ ನೇರ ಕೊಂಡಿಯೂ ಇರುತ್ತವೆ. ಇಷ್ಟು ಬದಲಾವಣೆಯಿಂದ ತಂಡದವರು ಪಟ್ಟಿಯನ್ನು ನೋಡುವ ರೀತಿಯೇ ಬದಲಾಯಿತು.

ಇದಕ್ಕಿಂತ ದೊಡ್ಡ ಪ್ರಶ್ನೆ ಯಾವ ಘಟನೆಗೆ ಕೆಲಸ ಹುಟ್ಟಬೇಕು ಎಂಬುದು. ‘ಹೊಸ ಡೀಲ್ ಬಂದಾಗ’ ಎಂಬ ಟ್ರಿಗರ್ ಪಟ್ಟಿಯಲ್ಲಿ ಸುಲಭವಾಗಿ ಸಿಗುತ್ತದೆ, ನಾನೂ ಅದನ್ನೇ ಆರಿಸಿದ್ದೆ. ಎರಡನೆಯ ವಾರ ಹಳೆಯ ಸ್ಪ್ರೆಡ್‌ಶೀಟ್ ಒಂದರಿಂದ ಅರವತ್ತಕ್ಕೂ ಹೆಚ್ಚು ಡೀಲ್‌ಗಳನ್ನು ಪೈಪ್‌ಡ್ರೈವ್‌ಗೆ ತುಂಬಿಸಿದೆವು. ತಂತ್ರಾಂಶದ ಮಟ್ಟಿಗೆ ಅವೆಲ್ಲವೂ ಹೊಸವೇ. ಸಂಜೆಯ ಹೊತ್ತಿಗೆ ಸಹೋದ್ಯೋಗಿಯ ಪಟ್ಟಿಯಲ್ಲಿ ವರ್ಷದ ಹಿಂದೆಯೇ ಮುಗಿದುಹೋದ ಮಾತುಕತೆಗಳು ನಾಳೆಯ ಕೆಲಸಗಳಾಗಿ ಸಾಲುಗಟ್ಟಿದ್ದವು, ಅವುಗಳ ನಡುವೆ ನಿಜವಾಗಿ ಮಾಡಬೇಕಿದ್ದ ಎರಡು ಕರೆಗಳು ಹೂತುಹೋಗಿದ್ದವು. ಝ್ಯಾಪಿಯರ್ ನಾನು ಹೇಳಿದ್ದನ್ನೇ ಮಾಡಿತ್ತು; ಹೇಳಿದ್ದು ತಪ್ಪಾಗಿತ್ತು. ಅಂದಿನಿಂದ ಡೀಲ್‌ನ ಹಂತ ಬದಲಾದಾಗ ಮಾತ್ರ, ಅದೂ ‘ಪ್ರಸ್ತಾವ ಕಳುಹಿಸಿದೆ’ ಮತ್ತು ‘ಒಪ್ಪಂದ ಸಹಿಗೆ ಬಾಕಿ’ ಎಂಬ ಎರಡೇ ಹಂತಗಳಿಗೆ, ಕೆಲಸ ಹುಟ್ಟುವಂತೆ ಮಾಡಿದ್ದೇನೆ. ಮಾರಾಟದ ತಂತ್ರಾಂಶ ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಜಾಗ; ಕೆಲಸದ ಪಟ್ಟಿ ಒಬ್ಬ ಮನುಷ್ಯನ ಒಂದು ದಿನದ ಗಮನ. ಅಲ್ಲಿರುವುದೆಲ್ಲ ಇಲ್ಲಿಗೆ ಬರಬೇಕೆಂದು ಹೊರಟರೆ ಪಟ್ಟಿಯ ಮೇಲಿನ ನಂಬಿಕೆ ಹೋಗುತ್ತದೆ, ಒಮ್ಮೆ ಹೋದರೆ ಅದನ್ನು ಮರಳಿ ತರುವುದು ಬಹಳ ಕಷ್ಟ.

ಹಂತದ ಟ್ರಿಗರ್‌ಗೂ ಅದರದೇ ತೊಡಕಿದೆ. ಡೀಲ್ ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದೆ ಬಂದರೆ ಅದೇ ಕೆಲಸ ಎರಡನೆಯ ಬಾರಿ ಹುಟ್ಟುತ್ತದೆ. ಇದಕ್ಕೆ ನಾವು ಕಂಡುಕೊಂಡ ಪರಿಹಾರ ಹೀಗಿದೆ: ಪೈಪ್‌ಡ್ರೈವ್‌ನ ಡೀಲ್‌ನಲ್ಲಿ ಹಂತಕ್ಕೊಂದರಂತೆ ಸ್ವಂತ ಕಾಲಂ ಸೇರಿಸಿ, ಟುಡುಯಿಸ್ಟ್‌ನಲ್ಲಿ ಕೆಲಸ ಹುಟ್ಟಿದ ಕೂಡಲೇ ಅದರ ಗುರುತಿನ ಸಂಖ್ಯೆಯನ್ನು ಅಲ್ಲಿಗೆ ಬರೆಸುತ್ತೇವೆ, ಮುಂದಿನ ಬಾರಿ ಆ ಕಾಲಂ ಖಾಲಿ ಇದ್ದರೆ ಮಾತ್ರ ಝ್ಯಾಪ್ ಮುಂದುವರಿಯುವಂತೆ ನಡುವೆ ಒಂದು ಫಿಲ್ಟರ್ ಇಟ್ಟಿದ್ದೇವೆ. ಇದರಿಂದ ಪ್ರತಿ ಡೀಲ್‌ಗೆ ಒಂದರ ಬದಲು ಎರಡು ಟಾಸ್ಕ್ ಖರ್ಚಾಗುತ್ತವೆ. ಫಿಲ್ಟರ್ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಉಚಿತ ಯೋಜನೆಯಲ್ಲಿ ತಿಂಗಳಿಗೆ 100 ಟಾಸ್ಕ್‌ಗಳು, ಒಂದು ಟ್ರಿಗರ್, ಒಂದು ಆಕ್ಷನ್, ಅಷ್ಟೇ. ನಡುವೆ ಫಿಲ್ಟರ್ ಇಡಲು ಅವಕಾಶವಿಲ್ಲ. ಫಿಲ್ಟರ್ ಇಲ್ಲದ ಜೋಡಣೆಯನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ, ಆದ್ದರಿಂದ ಉಚಿತ ಯೋಜನೆ ಪ್ರಯೋಗಕ್ಕಷ್ಟೇ ಸಾಕು ಎಂದು ತಿಳಿಯಬೇಕು.

ವೇಗದ ವಿಷಯದಲ್ಲಿಯೂ ಗಮನವಿರಲಿ. ‘ಇನ್‌ಸ್ಟಂಟ್’ ಎಂಬ ಗುರುತಿರುವ ಟ್ರಿಗರ್‌ಗಳಲ್ಲಿ ಸುದ್ದಿ ತಕ್ಷಣ ತಲುಪುತ್ತದೆ. ಉಳಿದವುಗಳಲ್ಲಿ ಝ್ಯಾಪಿಯರ್ ತಾನೇ ಹೋಗಿ ಹೊಸದೇನಿದೆ ಎಂದು ವಿಚಾರಿಸಿಕೊಂಡು ಬರುತ್ತದೆ, ಉಚಿತ ಯೋಜನೆಯಲ್ಲಿ 15 ನಿಮಿಷಗಳಿಗೊಮ್ಮೆ. ಮೂರು ದಿನಗಳ ನಂತರದ ಕರೆಗೆ ಈ ತಡ ಲೆಕ್ಕಕ್ಕಿಲ್ಲ. ಈಗಷ್ಟೇ ವಿಚಾರಿಸಿದ ಗ್ರಾಹಕರಿಗೆ ತಕ್ಷಣ ಉತ್ತರಿಸಬೇಕಾದಲ್ಲಿ ಅದು ದೊಡ್ಡ ತಡವೇ. ದಿನಾಂಕದ ಬಗ್ಗೆ ಇನ್ನೊಂದು ಎಚ್ಚರಿಕೆ: ಪೈಪ್‌ಡ್ರೈವ್ ಹೊರಗೆ ಕಳುಹಿಸುವ ಸಮಯಗಳು ಜಗತ್ತಿಗೆಲ್ಲ ಸಾಮಾನ್ಯವಾದ ಪ್ರಮಾಣಿತ ಸಮಯವಾದ ಯುಟಿಸಿಯಲ್ಲಿರುತ್ತವೆ. ಗಡಿಯಾರ ಯುಟಿಸಿಗಿಂತ ಮುಂದಿರುವ ಊರಿನಲ್ಲಿ ನಸುಕಿನಲ್ಲಿ ಬದಲಿಸಿದ ಡೀಲ್‌ಗೆ ಹಿಂದಿನ ದಿನದ ದಿನಾಂಕ ಬೀಳಬಹುದು, ಗಡುವೂ ಒಂದು ದಿನ ಹಿಂದಕ್ಕೆ ಸರಿಯಬಹುದು. ಝ್ಯಾಪ್‌ನ ಸಮಯವಲಯವನ್ನು ಸರಿಪಡಿಸಿ, ಫಾರ್ಮ್ಯಾಟರ್ ಎಂಬ ಹಂತದಲ್ಲಿ ದಿನಗಳನ್ನು ಕೂಡಿಸಿದ ಮೇಲೆ ಇದು ನಮ್ಮಲ್ಲಿ ಮರುಕಳಿಸಿಲ್ಲ.

ಟುಡುಯಿಸ್ಟ್‌ನಲ್ಲಿ ಕೆಲಸಕ್ಕೆ ಗುರುತು ಹಾಕಿದಾಗ ಪೈಪ್‌ಡ್ರೈವ್‌ಗೂ ತಿಳಿಯಲಿ ಎಂಬ ಆಸೆ ಸಹಜ. ಉಳಿಸಿಟ್ಟ ಸಂಖ್ಯೆಯಿಂದ ಡೀಲ್ ಹುಡುಕಿ, ಅದಕ್ಕೆ ‘ಕರೆ ಮುಗಿದಿದೆ’ ಎಂಬ ಟಿಪ್ಪಣಿ ಸೇರಿಸುವಷ್ಟಕ್ಕೆ ನಾನು ನಿಲ್ಲಿಸಿದ್ದೇನೆ. ಡೀಲ್‌ನ ಹಂತವನ್ನು ತಾನಾಗಿ ಬದಲಿಸಲು ಬಿಟ್ಟಿಲ್ಲ, ಏಕೆಂದರೆ ಕರೆ ಮಾಡಿದ ಮಾತ್ರಕ್ಕೆ ವ್ಯವಹಾರ ಮುಂದೆ ಹೋಗಿದೆ ಎಂದರ್ಥವಲ್ಲ. ಜೊತೆಗೆ ಹಂತ ಬದಲಾದರೆ ಮೊದಲ ಝ್ಯಾಪ್ ಮತ್ತೆ ಎಚ್ಚರಗೊಂಡು ಎರಡೂ ಒಂದನ್ನೊಂದು ಕರೆಯುತ್ತ ಸುತ್ತತೊಡಗುವ ಅಪಾಯವೂ ಇದೆ.

ಝ್ಯಾಪಿಯರ್ ಬದಲು ಬಳಸಬಹುದಾದ ಬೇರೆ ಆಯ್ಕೆಗಳನ್ನೂ ನೋಡಿದ್ದೇನೆ. ಮೊದಲು ಇಂಟಿಗ್ರೊಮ್ಯಾಟ್ ಎಂದಿದ್ದು 2022ರಲ್ಲಿ ಹೆಸರು ಬದಲಿಸಿಕೊಂಡ ಮೇಕ್‌ನಲ್ಲಿ ಇಡೀ ಸರಪಳಿ ಚಿತ್ರದಂತೆ ಕಣ್ಣಮುಂದಿರುತ್ತದೆ, ಕವಲುಗಳು ಹೆಚ್ಚಿರುವಲ್ಲಿ ಅದು ಹೆಚ್ಚು ಸ್ಪಷ್ಟ. ಆದರೆ ಅಲ್ಲಿ ಹೊಸದೇನೂ ಸಿಗದ ವಿಚಾರಣೆಯೂ ಲೆಕ್ಕಕ್ಕೆ ಸೇರುತ್ತದೆ. 15 ನಿಮಿಷಗಳಿಗೊಮ್ಮೆ ಎಂದರೆ ದಿನಕ್ಕೆ 96, ಮೂವತ್ತು ದಿನಗಳಿಗೆ 2,880. ಎನ್‌8ಎನ್ ಅನ್ನು ಸ್ವಂತ ಸರ್ವರ್‌ನಲ್ಲಿ ಇಟ್ಟುಕೊಂಡರೆ ಇಂಥ ಎಣಿಕೆಯ ಚಿಂತೆಯಿಲ್ಲ, ಸರ್ವರ್ ನೋಡಿಕೊಳ್ಳುವವರು ಬೇಕು. ನೇರವಾಗಿ ಎಪಿಐ (ತಂತ್ರಾಂಶಗಳೊಡನೆ ಕೋಡ್ ಮೂಲಕ ಮಾತಾಡುವ ದಾರಿ) ಬಳಸುವವರು ಗಮನಿಸಬೇಕಾದ ಒಂದು ವಿಷಯ: ಟುಡುಯಿಸ್ಟ್‌ನ ಪರದೆಯಲ್ಲಿ ಅತಿ ತುರ್ತು ಕೆಲಸಕ್ಕೆ ಆದ್ಯತೆ 1, ಅದರ ಎಪಿಐಯಲ್ಲಿ ಅದೇ ಕೆಲಸಕ್ಕೆ ಸಂಖ್ಯೆ 4. ತಿರುವುಮುರುವಾದರೆ ತುರ್ತಿನದೇ ಪಟ್ಟಿಯ ತಳಕ್ಕೆ ಹೋಗುತ್ತದೆ.

ತಂಡದಲ್ಲಿ ತಂತ್ರಜ್ಞರಿಲ್ಲದ ನಮಗೆ ಝ್ಯಾಪಿಯರ್ ಸರಿಹೊಂದಿದೆ, ಮುಂದೆಯೂ ಅದನ್ನೇ ಬಳಸುತ್ತೇವೆ. ಒಂದು ವಿಷಯ ಮಾತ್ರ ನನ್ನನ್ನು ಎಚ್ಚರದಲ್ಲಿಟ್ಟಿದೆ: ಈ ಜೋಡಣೆ ಯಾರೋ ಒಬ್ಬರ ಖಾತೆಯ ಅನುಮತಿಯ ಮೇಲೆ ನಿಂತಿರುತ್ತದೆ. ಆ ವ್ಯಕ್ತಿ ಕೆಲಸ ಬಿಟ್ಟರೆ, ಅನುಮತಿ ಹಿಂತೆಗೆದರೆ, ಸರಪಳಿ ಕಡಿದುಹೋಗುತ್ತದೆ, ಮತ್ತು ಬಾರದ ಕೆಲಸ ಪಟ್ಟಿಯಲ್ಲಿ ಕಾಣುವುದಿಲ್ಲ. ತಪ್ಪಾದಾಗ ಇಮೇಲ್ ಬರುತ್ತದೆ, ಆದರೆ ಅದು ಖಾತೆಯ ಒಡೆಯರಿಗೆ ಮಾತ್ರ. ಹೀಗಾಗಿ ಟುಡುಯಿಸ್ಟ್‌ನಲ್ಲಿಯೇ ಪ್ರತಿ ಸೋಮವಾರ ಮರುಕಳಿಸುವ ಒಂದು ಕೆಲಸವನ್ನು ಕೈಯಾರೆ ಬರೆದಿಟ್ಟಿದ್ದೇನೆ: ಝ್ಯಾಪ್‌ಗಳು ನಡೆದ ದಾಖಲೆಯಾದ ಝ್ಯಾಪ್ ಹಿಸ್ಟರಿ ತೆರೆದು, ಕಳೆದ ವಾರ ಹಂತ ಬದಲಿಸಿದ ಡೀಲ್‌ಗಳ ಸಂಖ್ಯೆಗೂ ಹುಟ್ಟಿದ ಕೆಲಸಗಳ ಸಂಖ್ಯೆಗೂ ತಾಳೆ ನೋಡುವುದು.