ಘಾಚರ್ ಘೋಚರ್: ಸಂಬಳ ಬರುತ್ತದೆ, ಕೆಲಸವಿಲ್ಲ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಿರುಕಾದಂಬರಿಯನ್ನು ದುಡ್ಡು ಬಂದು ಕೆಟ್ಟ ಮನೆಯ ಕಥೆ ಎಂದು ಓದುವವರೇ ಹೆಚ್ಚು. ತಪ್ಪೇನಲ್ಲ, ಆದರೆ ಅಷ್ಟಕ್ಕೇ ನಿಂತರೆ ಪುಸ್ತಕದ ಅರ್ಧ ಕೈತಪ್ಪುತ್ತದೆ. ಈ ಮನೆಯಲ್ಲಿ ಗಂಡಸರು ಮೂವರು: ಅಪ್ಪ, ಚಿಕ್ಕಪ್ಪ, ಕಥೆ ಹೇಳುವ ಮಗ. ದುಡಿಯುವವನು ಒಬ್ಬ. ಯಜಮಾನಿಕೆ ದುಡಿಮೆಯ ಬೆನ್ನು ಹತ್ತಿ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ಉಳಿದ ಗಂಡಸರು ಏನಾಗುತ್ತಾರೆ? ಈ ಪ್ರಶ್ನೆಯನ್ನು ಹಿಡಿದು ಓದಿದರೆ ಪುಸ್ತಕ ಬೇರೆಯದೇ ಆಗಿ ಕಾಣುತ್ತದೆ.

ಮೊದಲ ಯಜಮಾನ ಅಪ್ಪ. ಚಹಾ ಕಂಪನಿಯ ಸೇಲ್ಸ್‌ಮನ್. ದಿನದ ಲೆಕ್ಕ ತಾಳೆಯಾಗದೆ ಮಲಗುವವನಲ್ಲ. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಇರುವ ಪುಟ್ಟ ಕೋಣೆಗಳ ಮನೆಯಲ್ಲಿ ಆ ಲೆಕ್ಕ ಎಲ್ಲರದೂ ಹೌದು. ನೌಕರಿ ಹೋಗಿ, ಕೈಗೆ ಬಂದ ಗಂಟನ್ನು ಚಿಕ್ಕಪ್ಪನ ಸೋನಾ ಮಸಾಲೆ ವ್ಯಾಪಾರಕ್ಕೆ ಹಾಕಿದ ಮೇಲೆ ಕಾಗದದಲ್ಲಿ ಆತ ಪಾಲುದಾರ. ಮನೆಯಲ್ಲಿ ಮಾತ್ರ, ತನ್ನ ಪಾಲನ್ನು ಯಾರಿಗೆ ಬರೆದುಬಿಡುತ್ತಾನೋ ಎಂದು ಎಲ್ಲರೂ ಕಣ್ಣಿಟ್ಟಿರುವ ಮುದುಕ. ಚಿಕ್ಕಪ್ಪನಿಗೋ, ಯಾವ ಹೊತ್ತಿಗೆ ಬಂದರೂ ಊಟ, ಯಾವ ಹೊತ್ತಿಗೆ ಕೇಳಿದರೂ ಚಹಾ. ಆತ ಎಲ್ಲೂ ಜೋರು ಮಾಡುವುದಿಲ್ಲ. ಜೋರು ಮಾಡುವ ಅಗತ್ಯವೇ ಬೀಳದಂತೆ ಉಳಿದವರು ನೋಡಿಕೊಳ್ಳುತ್ತಾರೆ.

ಮೂರನೆಯವನು ಹೆಸರೇ ಇಲ್ಲದ ನಿರೂಪಕ. ಕಂಪನಿಯಲ್ಲಿ ಡೈರೆಕ್ಟರ್, ತಿಂಗಳಾದರೆ ಖಾತೆಗೆ ಸಂಬಳ. ಕೆಲಸ ಮಾತ್ರ ಇಲ್ಲ. ಮದುವೆಯಾಗಿ ಬಂದ ಅನಿತಾಗೆ ಇದು ಗೊತ್ತಾದಾಗ ಅವಳು ಕೆಣಕುವುದು ಬಡತನವನ್ನಲ್ಲ, ಗಂಡನ ಸ್ವಂತ ಸಂಪಾದನೆ ಎಂಬುದೇ ಇಲ್ಲ ಎಂಬುದನ್ನು. ಅಲ್ಲೇ ಅವನ ಗಂಡಸುತನದ ಬುಡ ಅಲ್ಲಾಡುತ್ತದೆ. ಹಾಗಂತ ಅವನು ಕೆಲಸ ಹುಡುಕುವುದಿಲ್ಲ, ಕಾಫಿ ಹೌಸಿಗೆ ಹೋಗಿ ಕೂರುತ್ತಾನೆ. ಅಲ್ಲಿನ ವೇಟರ್ ವಿನ್ಸೆಂಟ್ ಆಡುವ ನಾಲ್ಕು ಮಾತು ಅವನಿಗೆ ವೇದವಾಕ್ಯ. ಹೆಂಡತಿಯ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ್ದು ಎಲ್ಲೂ ಕಾಣೆ.

ಎರಡು ಸಲ ಓದಲೇಬೇಕಾದ ಭಾಗವೆಂದರೆ ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಮನೆ ಬಾಗಿಲಿಗೆ ಬರುವ ದೃಶ್ಯ. ಅವನಿಗಿಷ್ಟವೆಂದು ಮಸೂರ್ ದಾಲ್ ಮಾಡಿ ತಂದಿದ್ದಾಳೆ. ಅವಳನ್ನು ಬೈದು ಓಡಿಸುವವರು ಅಮ್ಮ ಮತ್ತು ನಿರೂಪಕನ ಸೋದರಿ ಮಾಲತಿ. ಡಬ್ಬಿ ಬಿದ್ದು ದಾಲ್ ಚೆಲ್ಲುತ್ತದೆ. ಮೊದಲ ಓದಿನಲ್ಲಿ ಕಣ್ಣು ಹೋಗುವುದು ಬೈಗುಳದ ಕಡೆಗೆ. ಎರಡನೇ ಓದಿನಲ್ಲಿ ಅಷ್ಟೂ ಹೊತ್ತು ಗಂಡಸರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದಷ್ಟೇ ನೋಡಿ. ಇದರ ಜೊತೆಗೇ ಓದಬೇಕಾದದ್ದು, ಗಂಡನ ಮನೆಯಲ್ಲಿ ಉಳಿದ ಒಡವೆ ತರಲು ಮಾಲತಿ ದಾಂಡಿಗರನ್ನು ಕಟ್ಟಿಕೊಂಡು ಹೋಗುವ ಪ್ರಸಂಗ. ಈ ಮನೆಯ ಗಂಡಸರ ಕೈ ಕೊಳೆಯಾಗುವುದಿಲ್ಲ. ಕೊಳೆ ಕೆಲಸಕ್ಕೆ ಹೆಂಗಸರಿದ್ದಾರೆ, ಅದೂ ಸಾಲದಿದ್ದರೆ ಹೊರಗಿನ ಆಳುಗಳು.

ಓದುಗರು ಸಾಮಾನ್ಯವಾಗಿ ಎಡವುವುದು ನಿರೂಪಕನನ್ನು ಪಾಪದವನೆಂದು ನಂಬುವಲ್ಲಿ. ಧಾಟಿ ಮೆತ್ತಗಿದೆ, ತಮಾಷೆಯೂ ಇದೆ, ನಂಬಿಕೆ ಬಂದುಬಿಡುತ್ತದೆ. ಪೆನ್ಸಿಲ್ ಹಿಡಿದು ಎರಡನ್ನು ಗುರುತು ಹಾಕಿಕೊಳ್ಳಿ: ದುಡ್ಡು ಕೈಬದಲಾಗುವ ಜಾಗಗಳು, ಮತ್ತೆ ತಾನು ಮಾಡಿದ್ದನ್ನೋ ಮಾಡದೆ ಬಿಟ್ಟದ್ದನ್ನೋ ಅವನು ಇಡೀ ಮನೆಯ ಲೆಕ್ಕಕ್ಕೆ ಸೇರಿಸುವ ಜಾಗಗಳು. ಈ ಎರಡನೆಯದು ದಟ್ಟವಾದಷ್ಟೂ ಅವನ ಹೊಣೆಗೇಡಿತನ ಬಯಲಾಗುತ್ತದೆ. ಇರುವೆ ಕೊಲ್ಲುವ ಪುಟಗಳನ್ನು ಬರೀ ರೂಪಕವೆಂದು ದಾಟಿಬಿಡಬೇಡಿ. ಈ ಮನೆಗೆ ಕ್ರೌರ್ಯ ರೂಢಿಯಾದದ್ದು ಹೇಗೆಂಬುದು ಅಲ್ಲೇ ಇದೆ.

ಕೊರತೆಯೂ ಇದೆ. ಚಿಕ್ಕಪ್ಪನ ಒಳಗು ಕಡೆಯವರೆಗೂ ತೆರೆಯುವುದಿಲ್ಲ. ನಿರೂಪಕನ ಕಣ್ಣಳತೆ ಅಷ್ಟೇ ಎಂದು ಸಮರ್ಥಿಸಬಹುದು. ಆದರೂ, ಮದುವೆಯಾಗದೆ ಉಳಿದು ಇಡೀ ಸಂಸಾರ ಸಾಕುವ ಗಂಡಸಿಗೆ ಆ ಪಟ್ಟ ಎಷ್ಟು ಭಾರ ಎಂಬುದಕ್ಕೆ ಒಂದೆರಡು ಪುಟವಾದರೂ ಬೇಕಿತ್ತು. ಕೊನೆಯಲ್ಲಿ ಅನಿತಾಗೆ ಏನಾಯಿತು ಎಂಬುದಕ್ಕೆ ಕಾದಂಬರಿ ನೇರ ಉತ್ತರ ಕೊಡುವುದಿಲ್ಲ. ಖಚಿತ ಮುಕ್ತಾಯ ಬೇಕೆನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ.

ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಕನ್ನಡ ಓದಲು ಬಾರದ ಸ್ನೇಹಿತರಿಗೆ ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದ ಕೊಡಿ. ಗುಂಪಿನಲ್ಲಿ ಚರ್ಚಿಸುವುದಾದರೆ ಅನಿತಾ ಸರಿಯೇ ತಪ್ಪೇ ಎಂಬಲ್ಲಿಂದ ಶುರು ಮಾಡಬೇಡಿ, ಮಾತು ಅಲ್ಲೇ ಹೂತುಹೋಗುತ್ತದೆ. ಅಪ್ಪನ ಲೆಕ್ಕದಿಂದ ಶುರು ಮಾಡಿ.