ಕಾನೂನಿನಲ್ಲಿ ಪಿಎಚ್.ಡಿ.: ಫುಲ್‌ಟೈಮೋ, ಪಾರ್ಟ್‌ಟೈಮೋ?

ಎಲ್‌ಎಲ್.ಎಂ. (ಕಾನೂನಿನ ಸ್ನಾತಕೋತ್ತರ ಪದವಿ) ಮುಗಿಸಿದವರು ನನ್ನನ್ನು ಮೊದಲು ಕೇಳುವುದೇ ಪಿಎಚ್.ಡಿ. ಫೀಸು ಎಷ್ಟು ಅಂತ. ಎರಡೂ ಬಗೆ ನೋಡಿದವಳಾಗಿ ಹೇಳುತ್ತೇನೆ, ಹೊಡೆತ ಕೊಡುವುದು ಫೀಸಲ್ಲ, ಕೈಬಿಟ್ಟ ಸಂಬಳ. ಬೆಂಗಳೂರಿನಲ್ಲಿ ಜೆಆರ್‌ಎಫ್ (ಸಂಶೋಧಕರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಫೆಲೋಶಿಪ್) ಹಿಡಿದು ಫುಲ್‌ಟೈಮ್ ಸೇರಿದ್ದೆ. ಆಮೇಲೆ ಲಾ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಫುಲ್‌ಟೈಮ್ ಬಿಟ್ಟು ಹುಬ್ಬಳ್ಳಿ ಕಡೆ ಪಾರ್ಟ್‌ಟೈಮ್ ನೋಂದಾಯಿಸಿಕೊಂಡೆ.

ಜೆಆರ್‌ಎಫ್ ಇದ್ದರೆ ಫುಲ್‌ಟೈಮ್ ಲೆಕ್ಕ ಕೂಡಿಬರುತ್ತದೆ. 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದು ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಬೆಂಗಳೂರು ಸರ್ಕಾರಿ ಲೆಕ್ಕದಲ್ಲಿ ಎಕ್ಸ್ ವರ್ಗದ, ಅಂದರೆ ಅತಿ ದೊಡ್ಡ ನಗರವಾದ್ದರಿಂದ ಆ ಭತ್ಯೆ ಹುಬ್ಬಳ್ಳಿ–ಧಾರವಾಡಕ್ಕಿಂತ ಹೆಚ್ಚು, ಆದರೆ ಬಾಡಿಗೆಯ ಅಂತರ ಅದಕ್ಕಿಂತಲೂ ಹೆಚ್ಚು. ಪ್ರತಿ ತಿಂಗಳು ನಮ್ಮ ಹಾಜರಿಯನ್ನು ವಿಭಾಗದವರು ದೃಢಪಡಿಸಬೇಕು, ಕ್ಲರ್ಕ್ ರಜೆಯಲ್ಲಿದ್ದರೆ ದುಡ್ಡೂ ರಜೆ! ಎರಡು ತಿಂಗಳ ಬಾಡಿಗೆ ಕೈಯಲ್ಲಿಟ್ಟುಕೊಂಡೇ ಹೋಗಿ. ಜೆಆರ್‌ಎಫ್ ಇಲ್ಲದವರು ಮಾತ್ರ ಮನೆಯವರ ದುಡ್ಡಲ್ಲಿ ಓದಬೇಕು, ಮೂವತ್ತು ದಾಟಿದವರಿಗೆ ಅದನ್ನು ಕೇಳಲು ಬಾಯಿ ಬರುವುದಿಲ್ಲ.

ಪಾರ್ಟ್‌ಟೈಮ್‌ನಲ್ಲಿ ಸಂಬಳ ನಿಲ್ಲುವುದಿಲ್ಲ, ಫೆಲೋಶಿಪ್ ಸಿಗುವುದಿಲ್ಲ. ಕಷ್ಟ ಇರುವುದು ಎನ್‌ಒಸಿಯಲ್ಲಿ, ಅಂದರೆ ಕೆಲಸ ಕೊಟ್ಟವರ ನಿರಾಕ್ಷೇಪಣಾ ಪತ್ರದಲ್ಲಿ. ಓದಲು ಅನುಮತಿ ಇದೆ, ಸಂಶೋಧನೆಗೆ ಸಮಯ ಕೊಡುತ್ತೇವೆ, ಬೇಕಾದರೆ ಕೋರ್ಸ್‌ವರ್ಕ್‌ಗೆ (ಪಿಎಚ್.ಡಿ.ಯ ಕಡ್ಡಾಯ ತರಗತಿಗಳಿಗೆ) ಬಿಡುಗಡೆ ಮಾಡುತ್ತೇವೆ ಅಂತ ಕೆಲಸ ಕೊಟ್ಟವರು ಬರೆದುಕೊಡಬೇಕೆಂದು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2022ರ ನಿಯಮ ಹೇಳುತ್ತದೆ. ಮೊದಲ ಸಾಲಿಗೆ ಆಡಳಿತ ಮಂಡಳಿಗಳು ಖುಷಿಯಿಂದ ಸಹಿ ಹಾಕುತ್ತವೆ. ಮೂರನೆಯದಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ನನಗೆ ಕೋರ್ಸ್‌ವರ್ಕ್ ಮುಗಿಯುವವರೆಗೆ ಸಂಬಳವಿಲ್ಲದ ರಜೆ ಹಾಕಬೇಕಾಯಿತು. ಫುಲ್‌ಟೈಮ್‌ನಷ್ಟೇ ಖರ್ಚಾದ ಕಾಲ ಅದು.

ಇನ್ನು ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಅನ್ನುವುದು. ಬೆಂಗಳೂರಿನ ನಮ್ಮ ತಂಡದಲ್ಲಿ ಕೇರಳ, ಬಿಹಾರ, ಅಸ್ಸಾಂ ಕಡೆಯವರಿದ್ದರು, ಭಾಷೆ ನಾಲ್ಕಾರು. ಆದರೂ ಹೆಚ್ಚಿನವರು ಎಲ್‌ಎಲ್.ಎಂ.ನಿಂದ ನೇರ ಬಂದವರು, ಕೋರ್ಟಿನ ಮೆಟ್ಟಿಲು ಹತ್ತಿದವರು ವಿರಳ. ಜೆಆರ್‌ಎಫ್‌ನ ವಯೋಮಿತಿ 30 (ಮಹಿಳೆಯರಿಗೆ, ಮೀಸಲು ವರ್ಗದವರಿಗೆ ಐದು ವರ್ಷ ಸಡಿಲಿಕೆ) ಅಲ್ಲಿನ ವಯಸ್ಸನ್ನೆಲ್ಲ ಒಂದೇ ಅಳತೆಗೆ ತಂದಿತ್ತು. ಹುಬ್ಬಳ್ಳಿ ಕಡೆ ಎಲ್ಲರೂ ಕರ್ನಾಟಕದವರೇ, ಆದರೆ ತಾಲ್ಲೂಕು ಕೋರ್ಟಿನ ವಕೀಲರು, ಹೈಕೋರ್ಟಿನ ಧಾರವಾಡ ಪೀಠದಲ್ಲಿ ಪ್ರಾಕ್ಟೀಸ್ ಮಾಡುವವರು, ಇಬ್ಬರು ಮಕ್ಕಳ ತಾಯಂದಿರು, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮೇಷ್ಟ್ರುಗಳು.

ವಿನೀತಾ ಶರ್ಮಾ ತೀರ್ಪನ್ನು ಎರಡೂ ಕಡೆ ಚರ್ಚೆ ಮಾಡಿದೆವು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ 2005ರ ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಲೇಬೇಕಿಲ್ಲ, ಮಗಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತಲ್ಲ, ಅದು. ಬೆಂಗಳೂರಿನಲ್ಲಿ ಮಾತೆಲ್ಲ ಹಿಂದಿನ ತೀರ್ಪುಗಳ ತಾಳಮೇಳದ ಮೇಲೆ, ಸೊಗಸಾಗಿತ್ತು, ಇಲ್ಲವೆನ್ನುವುದಿಲ್ಲ. ಹುಬ್ಬಳ್ಳಿ ಕಡೆ ಹಿರಿಯ ವಕೀಲರೊಬ್ಬರು ಅಂದರು: "ಅಲ್ರೀ ಮೇಡಂ, ಕರ್ನಾಟಕದಾಗ 1994ರಿಂದನ ಹೆಣ್ಣುಮಕ್ಕಳಿಗೆ ಹಕ್ಕು ಐತಿ. ತಂಗಿ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕ ಸಹಿ ಹಾಕಿ, ಅಣ್ಣನ ಕಾರಿನಾಗ ಊಟಕ್ಕ ಹೊಕ್ಕಾಳ." ನನ್ನ ಪ್ರಬಂಧದ ಮೂರನೇ ಅಧ್ಯಾಯ ಹುಟ್ಟಿದ್ದು ಆ ಮಾತಿನಿಂದ.

ಅವಧಿಯಲ್ಲಿ ವ್ಯತ್ಯಾಸವಿಲ್ಲ: ಕನಿಷ್ಠ ಮೂರು, ಗರಿಷ್ಠ ಆರು ವರ್ಷ, ಮರುನೋಂದಣಿಯಿಂದ ಇನ್ನೆರಡು. ಮಹಿಳೆಯರಿಗೆ ಅದರ ಮೇಲೆ ಎರಡು ವರ್ಷ ಹೆಚ್ಚುವರಿ ಅವಕಾಶ, 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ. ಗ್ರಂಥಾಲಯ, ಡೇಟಾಬೇಸ್ ವಿಚಾರದಲ್ಲಿ ಬೆಂಗಳೂರೇ ಮೇಲು, ವಾದವೇ ಇಲ್ಲ.

ಜೆಆರ್‌ಎಫ್ ಕೈಯಲ್ಲಿದ್ದು, ಮನೆ ಜವಾಬ್ದಾರಿ ಇಲ್ಲದವರು ಫುಲ್‌ಟೈಮ್ ಹೋಗಿ. ಕುಟುಂಬ ಕಾನೂನು, ಭೂಮಿ, ಕಾರ್ಮಿಕರ ವಿಷಯ ಹಿಡಿಯುವವರು, ಕೆಲಸದಲ್ಲಿರುವವರು ಪಾರ್ಟ್‌ಟೈಮ್ ಆರಿಸಿ, ಆದರೆ ಎನ್‌ಒಸಿಯ ಮೂರನೇ ಸಾಲಿಗೆ ಸಹಿ ಬೀಳುವವರೆಗೆ ಫೀಸು ಕಟ್ಟಬೇಡಿ.