ಮೂಲೆಗೆ ಬಿದ್ದಿದ್ದ ಬೇಸ್ ಗಿಟಾರ್: ರಿಪೇರಿ ಮಾಡಿ ವರ್ಷಗಟ್ಟಲೆ ನುಡಿಸಿದ ಮೇಲೆ

ಸೆಕೆಂಡ್‌ಹ್ಯಾಂಡ್ ಬೇಸ್ ಕೊಳ್ಳಲು ಹೋದವರು ಮೊದಲು ಬಣ್ಣ ನೋಡುತ್ತಾರೆ. ನೋಡಬೇಕಾದ್ದು ನೆಕ್, ಅಂದರೆ ತಂತಿಗಳನ್ನು ಒತ್ತುವ ಉದ್ದನೆಯ ಕತ್ತು. ನಾನು ಕೊಂಡ ಬೇಸ್‌ನ ಮೈತುಂಬ ಗೀರುಗಳಿದ್ದವು. ತಂತಿಗಳಿಗೆ ತುಕ್ಕು ಹಿಡಿದಿತ್ತು, ವಾಲ್ಯೂಮ್ ತಿರುಗಿಸಿದರೆ ಆಂಪ್ಲಿಫೈಯರ್ ಕರಕರ ಅನ್ನುತ್ತಿತ್ತು. ಆದರೆ ನೆಕ್ ತಿರುಚಿಕೊಂಡಿರಲಿಲ್ಲ. ನೆಕ್ ಬಾಗದಂತೆ ಒಳಗೆ ಕೂರಿಸಿದ ಕಂಬಿ, ಅಂದರೆ ಟ್ರಸ್ ರಾಡ್‌ನ ನಟ್ ಸಲೀಸಾಗಿ ತಿರುಗುತ್ತಿತ್ತು, ಇನ್ನೂ ಬಿಗಿ ಮಾಡಲು ಜಾಗವೂ ಇತ್ತು. ಅಷ್ಟು ಸಾಕು ಅಂತ ಕೊಂಡುಬಿಟ್ಟೆ. ಉಳಿದದ್ದೆಲ್ಲ ಬಿಚ್ಚಿ ಬದಲಾಯಿಸಬಹುದಾದ ಸಾಮಾನು.

ಇದು ಪ್ರಿಸಿಷನ್ ಬೇಸ್‌ನ ನಕಲು. ಮೂಲ ಬೇಸನ್ನು ಅಮೆರಿಕದ ಫೆಂಡರ್ ಕಂಪನಿ ತಂದದ್ದು 1951ರಲ್ಲಿ, ಎರಡು ತುಂಡಿನ ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ) ಸೇರಿದ್ದು 1957ರಲ್ಲಿ. ನಕಲು ಅಂತ ಮೂಗು ಮುರಿಯಬೇಡಿ. ಒಂದು ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್, ಅಷ್ಟೇ. ಕೆಡೋಕೆ ಜಾಸ್ತಿ ಏನೂ ಇಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದ ಆಕ್ಟಿವ್ ಬೇಸ್ (ಬ್ಯಾಟರಿ ಬೇಕಾಗುವ ಬಗೆ) ಆಗಿದ್ದರೆ ನಾನು ಮೊದಲು 9 ವೋಲ್ಟ್ ಬ್ಯಾಟರಿಯ ಗೂಡು ತೆಗೆದು, ಸೋರಿದೆಯಾ ಅಂತ ನೋಡುತ್ತಿದ್ದೆ.

ಎಲ್ಲರೂ ಹೆದರುವ ಎಲೆಕ್ಟ್ರಿಕಲ್ ಕೆಲಸವೇ ಬೇಗ ಮುಗಿಯಿತು. ಕರಕರಕ್ಕೆ ಕಾರಣ ಪಾಟ್‌ಗಳ (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಭಾಗ) ಒಳಗಿನ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಸಿಂಪಡಿಸಿ, ಈ ತುದಿಯಿಂದ ಆ ತುದಿಗೆ ಸುಮಾರು ಹೊತ್ತು ತಿರುಗಿಸಿದರೆ ಸದ್ದು ಹೋಗುತ್ತದೆ. ಜ್ಯಾಕ್‌ನದು ಬೇರೆ ಕಥೆ. ನಟ್ ಸಡಿಲವಾಗಿ, ಕೇಬಲ್ ಚುಚ್ಚಿದಾಗೆಲ್ಲ ಜ್ಯಾಕ್ ಪೂರ್ತಿ ಸುತ್ತುತ್ತಿತ್ತು. ಒಳಗಿನ ವೈರ್ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಹೊಸ ಬೆಸುಗೆ ಹಾಕಿ ನಟ್ ಬಿಗಿ ಮಾಡಿದ ಮೇಲೆ ಇವತ್ತಿನವರೆಗೂ ತಕರಾರಿಲ್ಲ.

ಸಮಯ ತಿಂದದ್ದು ನೆಕ್. ನಾಲ್ಕು ತಂತಿಗಳು ಸೇರಿ 70 ಕೆಜಿಗಿಂತ ಜಾಸ್ತಿ ಬಲದಿಂದ ಅದನ್ನು ಎಳೆಯುತ್ತಿರುತ್ತವೆ. ಯಾರೂ ನೋಡಿಕೊಳ್ಳದೆ ಬಿಟ್ಟರೆ ಬಾಗದೆ ಇನ್ನೇನು ಮಾಡುತ್ತದೆ? ಪರೀಕ್ಷೆ ಸುಲಭ. ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್; ಮೊದಲ ಫ್ರೆಟ್‌ಗೆ ಕೇಪೋ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ ಹಿಡಿದು, ನಡುವೆ 7 ಅಥವಾ 8ನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಎಷ್ಟು ಸಂದು ಇದೆ ನೋಡಿ. ಸುಮಾರು 0.3 ಮಿ.ಮೀ. ಇದ್ದರೆ ಚೆನ್ನ, ಅಂದರೆ ಒಂದು ಇಸ್ಪೀಟ್ ಎಲೆ ಹೋಗುವಷ್ಟು. ನನ್ನ ಬೇಸ್‌ನಲ್ಲಿ ನಾಣ್ಯವೇ ನುಸುಳುತ್ತಿತ್ತು. ತಂತಿ ಸ್ವಲ್ಪ ಸಡಿಲಿಸಿ, ಟ್ರಸ್ ರಾಡ್‌ನ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಶ್ರುತಿಗೆ ತಂದು, ಮಾರನೇ ದಿನ ನೋಡಬೇಕು. ಮರ ನಿಧಾನಕ್ಕೆ ಹೊಂದಿಕೊಳ್ಳುತ್ತದೆ. ಒಂದೇ ಸಲಕ್ಕೆ ತಿರುಗಿಸಿ ಮುಗಿಸೋಣ ಅನ್ನುವವರ ಕೈಗೆ ಈ ಕೆಲಸ ಕೊಡಬೇಡಿ.

ತಂತಿಗಳು ಮೈಗೆ ಸೇರುವ ಬ್ರಿಜ್‌ನಲ್ಲಿ ಪ್ರತಿ ತಂತಿ ಕೂರುವ ತುಂಡು ಸ್ಯಾಡಲ್; ಅದರ ಸ್ಕ್ರೂಗಳು ತುಕ್ಕಿನಿಂದ ಕಚ್ಚಿಕೊಂಡಿದ್ದವು. ತುಕ್ಕು ಬಿಡಿಸುವ ಎಣ್ಣೆ ಒಂದೊಂದು ತೊಟ್ಟು ಹಾಕಿ ರಾತ್ರಿಯಿಡೀ ಬಿಟ್ಟೆ. ಒಂದು ಮಾತ್ರ ಜಗ್ಗಲಿಲ್ಲ, ಆ ಸ್ಯಾಡಲ್ಲನ್ನೇ ಬದಲಾಯಿಸಿದೆ. ಫ್ರೆಟ್‌ಗಳ ಹಸಿರು ಕಿಲುಬು ಅತಿ ನಯವಾದ ಸ್ಟೀಲ್ ವುಲ್‌ಗೆ ಬಿಟ್ಟಿತು. ಉಜ್ಜುವ ಮೊದಲು ಪಿಕಪ್ ಮೇಲೆ ಟೇಪ್ ಅಂಟಿಸಿ. ಇಲ್ಲದಿದ್ದರೆ ಕಬ್ಬಿಣದ ಪುಡಿಯನ್ನೆಲ್ಲ ಅಯಸ್ಕಾಂತ ಎಳೆದುಕೊಳ್ಳುತ್ತದೆ, ಆಮೇಲೆ ಏನು ಮಾಡಿದರೂ ಪೂರ್ತಿ ಬರಲ್ಲ. ಫಿಂಗರ್‌ಬೋರ್ಡ್ (ಫ್ರೆಟ್‌ಗಳಿರುವ ಮರದ ಹಲಗೆ) ರೋಸ್‌ವುಡ್ ಆದ್ದರಿಂದ ತೆಳುವಾಗಿ ಎಣ್ಣೆ ಸವರಿದೆ. ಪಾಲಿಷ್ ಹಾಕಿದ ಮೇಪಲ್ ಆದರೆ ಎಣ್ಣೆ ಬೇಡ, ಒರೆಸಿದರೆ ಸಾಕು.

ಬಣ್ಣ ಮಾತ್ರ ಮುಟ್ಟಲಿಲ್ಲ. ಗೀರಿನಿಂದ ಸ್ವರ ಕೆಡುತ್ತದೆಯಾ? ಸುಮ್ನೆ ಕೆಲಸ.

ಇನ್ನು ದಿನದಿನದ ಬಳಕೆ. ಮೊದಲು ಹಾಕಿದ ರೌಂಡ್‌ವೂಂಡ್ (ದುಂಡು ಎಳೆ ಸುತ್ತಿದ) ತಂತಿಗಳು ಬೇಗ ಮಂಕಾದವು. ಈಗ ಫ್ಲಾಟ್‌ವೂಂಡ್ (ಚಪ್ಪಟೆ ಎಳೆ ಸುತ್ತಿದ, ನುಣುಪಾದ) ಇದೆ, ತೆಗೆಯುವ ಮನಸ್ಸೇ ಇಲ್ಲ. ಬೆರಳು ಜಾರುವ ಕಿರ್ರ್ ಸದ್ದಿಲ್ಲ, ಫ್ರೆಟ್ ಸವೆಯುವುದೂ ಕಡಿಮೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಇಂಥದೇ ಪ್ರಿಸಿಷನ್ ಬೇಸ್, ಇಂಥದೇ ಫ್ಲಾಟ್ ತಂತಿ, ಅದೂ ತುಂಡಾಗದೆ ಬದಲಾಯಿಸುತ್ತಿರಲಿಲ್ಲವಂತೆ. ಸೋಮಾರಿಗಳಿಗೆ ಒಳ್ಳೆ ನೆಪ, ಅಲ್ವಾ? ತಂತಿಯ ದಪ್ಪ ಬದಲಾದರೆ ಇಂಟೊನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಶ್ರುತಿಯಲ್ಲಿರುವುದು) ಮತ್ತೆ ನೋಡಲೇಬೇಕು. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅದೇ ಜಾಗದ ಹಾರ್ಮೋನಿಕ್‌ಗಿಂತ (ಒತ್ತದೆ ಬೆರಳು ತಾಗಿಸಿ ಹುಟ್ಟಿಸುವ ಸ್ವರ) ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ.

ಹವೆ ಬದಲಾದಾಗ ನೆಕ್ ಸ್ವಲ್ಪ ಅಲುಗುತ್ತದೆ. ಟ್ರಸ್ ರಾಡ್‌ಗೆ ಕಾಲು ಸುತ್ತಿಗಿಂತ ಕಮ್ಮಿಯೇ ಸಾಕಾಗುತ್ತದೆ. ಅತಿ ದಪ್ಪನೆಯ ‘ಇ’ (E) ತಂತಿಯನ್ನು ಬಿಗಿಸುವ ಟ್ಯೂನರ್‌ನ ಹಲ್ಲು ಸವೆದಿದೆ. ಹಾಗಾಗಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಶ್ರುತಿ ಮಾಡುತ್ತೇನೆ, ಆಗ ಜಾರಲ್ಲ.

ಹೋಗದೇ ಉಳಿದ ದೋಷ ಒಂದಿದೆ. ಅತಿ ತೆಳುವಾದ ಜಿ (G) ತಂತಿಯ 5ನೇ ಫ್ರೆಟ್‌ನಲ್ಲಿ ಸ್ವರ ಹುಟ್ಟಿದ ಕೂಡಲೇ ಸಾಯುತ್ತದೆ. ಅದು ಡೆಡ್ ಸ್ಪಾಟ್. ನೆಕ್‌ನ ಸ್ವಂತ ಕಂಪನ ಆ ಸ್ವರದ ಶಕ್ತಿ ಹೀರಿಕೊಳ್ಳುವುದೇ ಕಾರಣ. ಈ ಥರದ ಬೇಸ್‌ಗಳಲ್ಲಿ ಇದು ಮಾಮೂಲು. ಸೆಟಪ್‌ನಿಂದ ಸರಿಹೋಗುವುದಿಲ್ಲ. ಹೆಡ್‌ಸ್ಟಾಕ್‌ಗೆ (ನೆಕ್‌ನ ತುದಿಯ ತಲೆ) ಭಾರದ ಕ್ಲ್ಯಾಂಪ್ ಹಾಕಿದರೆ ಜಾಗ ಸ್ವಲ್ಪ ಸರಿಯುತ್ತದೆ, ಆದರೆ ಬೇಸ್ ತಲೆ ಬಗ್ಗಿಸುತ್ತದೆ. ನಾನು ಕ್ಲ್ಯಾಂಪ್ ಕಿತ್ತಿಟ್ಟೆ. ಆ ಫ್ರೆಟ್‌ನ ಸ್ವರ ಸಿ (C); ಅದನ್ನು ಉದ್ದ ಎಳೆಯಬೇಕಾದಾಗ ಡಿ (D) ತಂತಿಯ 10ನೇ ಫ್ರೆಟ್‌ನಲ್ಲಿ ಹಿಡಿಯುತ್ತೇನೆ, ಅದೇ ಸ್ವರ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಆ ಡೆಡ್ ಸ್ಪಾಟ್‌ಗೆ. ಮೊದಲ ಕೆಲವು ಫ್ರೆಟ್‌ಗಳಲ್ಲಿ ಹಳೆಯ ತಂತಿಗಳು ಬಿಟ್ಟ ಕುಳಿಗಳು ಈಗ ಬೆರಳಿಗೆ ಸಿಗುತ್ತಿವೆ. ಮುಂದಿನ ಕೆಲಸ ಫ್ರೆಟ್ ಲೆವೆಲಿಂಗ್, ಅಂದರೆ ಫ್ರೆಟ್‌ಗಳನ್ನು ಉಜ್ಜಿ ಒಂದೇ ಮಟ್ಟಕ್ಕೆ ತರುವುದು. ಅದಕ್ಕೆ ಮಾತ್ರ ಗಿಟಾರ್ ರಿಪೇರಿಯವರ ಕೈಗೇ ಕೊಡುತ್ತೇನೆ.